ತಾಯಂದಿರ ಸಭೆ

“ಎಷ್ಟು ತಿಂಗಳು?”

“ಮೂರು ಆಗಿರ್ಬೇಕು, ಸಿಸ್ಟರ್.”

ವೀಣಾ ಕಾಫಿ ಲೋಟವನ್ನು ಟಪ್ಪನೆ ಕೆಳಗಿಟ್ಟಳು. ಭಾನುವಾರದ ಬೆಳಿಗ್ಗೆ ಕೇಳಬೇಕಾದ ಸುದ್ದಿಯೇ ಇದು? ಕಕ್ಕಬೆ ಸುತ್ತಿನ ಕಾಫಿ ಎಸ್ಟೇಟುಗಳನ್ನು ಸುತ್ತುವ ಸರ್ಕಾರಿ ನರ್ಸು ಅವಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಸುಬ್ಬಿ ಅಂಥದೊಂದು ಎಸ್ಟೇಟಿನ ಕೂಲಿಗಳ ಲೈನ್ ಮನೆಯವಳು. ಅವಳ ಮಗಳು ಕವನಾಗೆ ಹದಿನಾರು. ನಾಪೋಕ್ಲಿನಲ್ಲಿ ಪಿಯುಸಿ ಓದುತ್ತಿದ್ದಳು.

“ಇದಕ್ಕೆ ಮನೆಗ್ಯಾಕೆ ಬಂದೆ? ನಾಳೆ ಆಸ್ಪತ್ರೆಗೇ ಬರಬಹುದಿತ್ತಲ್ಲ.”

“ಅಲ್ಲಿ ಜನ ಇರ್ತಾರೆ. ಮರ್ಯಾದೆ ವಿಷಯ, ಸಿಸ್ಟರ್.”

“ಈಗ ನೆನಪಾಯ್ತಾ ಮರ್ಯಾದೆ?”

ಕುರ್ಚಿ ತೋರಿಸಿದರೂ ಸುಬ್ಬಿ ಕೂರಲಿಲ್ಲ. ಮೂರು ದಿನದಿಂದ ಅವಳು ಲೈನಿನಲ್ಲಿ ಯಾರ ಮುಖವನ್ನೂ ನೋಡಿರಲಿಲ್ಲ. ವಿಷಯ ಗೊತ್ತಾದ ರಾತ್ರಿ ಮಗಳಿಗೆ ಹೊಡೆದಿದ್ದಳು. ಆಮೇಲೆ ಅವಳನ್ನೇ ತಬ್ಬಿಕೊಂಡು ಬೆಳಗಿನ ತನಕ ಅತ್ತಿದ್ದಳು.

ವೀಣಾಳ ಸಿಟ್ಟಿಗೂ ಕಾರಣವಿತ್ತು. ಎರಡು ವರ್ಷದಿಂದ ಪ್ರತಿ ತಿಂಗಳ ಮೊದಲ ಶನಿವಾರ ಅವಳು ಆ ಲೈನಿನಲ್ಲಿ ತಾಯಂದಿರ ಸಭೆ ನಡೆಸುತ್ತಿದ್ದಳು. ತಾಯಂದಿರು, ಹೆಣ್ಣುಮಕ್ಕಳು ಮಾತ್ರ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಇಣುಕಿದರೂ ಅಷ್ಟೇ, ಚಾರ್ಟುಗಳ ಕಟ್ಟು ಹೊತ್ತು ತಂದ ಸ್ವಂತ ಮಗನಾದರೂ ಅಷ್ಟೇ. ಮುಗಿಯುವವರೆಗೆ ಆಚೆ ಇರಬೇಕು. ಬಾಗಿಲು ಹಾಕಿ, ಮುಚ್ಚುಮರೆ ಇಲ್ಲದೆ ಎಲ್ಲವನ್ನೂ ಹೇಳುತ್ತಿದ್ದಳು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕವನಾ ಮೊದಮೊದಲು ಮುಂದಿನ ಸಾಲಿನಲ್ಲೇ ಕೂತು ಪ್ರಶ್ನೆ ಕೇಳುತ್ತಿದ್ದಳು.

“ಈಚೆಗೆ ನಿನ್ನ ಮಗಳು ಸಭೆಗೇ ಬರ್ತಿರಲಿಲ್ಲ. ಎಲ್ಲಿಗೆ ಹೋಗ್ತಾಳೆ ಅಂತ ಒಂದು ದಿನವಾದರೂ ಕೇಳಿದ್ದೀಯಾ?”

“ನಂಗೆ ಕಾಫಿ ಪಿಕಿಂಗ್ ಇರ್ತಿತ್ತು, ಸಿಸ್ಟರ್. ಸಭೆಗೆ ಅಂತ್ಲೇ ಹೊರಡ್ತಿದ್ಲು.”

“ನಿನ್ನಂಥ ತಾಯಂದಿರಿಂದ್ಲೇ ಹೀಗಾಗೋದು. ನನ್ನ ಮಗಳು ಶೋಭಿತಾಗೆ ಹನ್ನೆರಡು ತುಂಬೋ ಮೊದಲೇ ಎಲ್ಲ ಹೇಳಿಕೊಟ್ಟಿದ್ದೀನಿ. ಅವಳ ಫೋನ್ ನಾನೇ ನೋಡ್ತೀನಿ. ಆರು ಗಂಟೆಗೆ ಮನೇಲಿರ್ತಾಳೆ. ತಾಯಿ ಅಂದ್ರೆ ಹಾಗಿರ್ಬೇಕು.”

“ಹೌದು, ಸಿಸ್ಟರ್. ನಾನೂ ಕೂರಿಸ್ಕೊಂಡು ಹೇಳ್ಬೇಕಿತ್ತು. ನಾಚ್ಕೆ ಆಯ್ತು, ಬಿಟ್ಟುಬಿಟ್ಟೆ. ತಪ್ಪು ನಂದೇ.”

ಸುಬ್ಬಿಯ ಕಣ್ಣೀರು ಗಲ್ಲದಿಂದ ಇಳಿದು ಕುಪ್ಪಸದ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ.

ವೀಣಾಳ ದನಿ ಸ್ವಲ್ಪ ಇಳಿಯಿತು.

“ಅಳಬೇಡ. ನಾಳೆ ಮಡಿಕೇರಿಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸೋಣ, ನಾನೇ ಬರ್ತೀನಿ. ಆದರೆ ಹುಡುಗಿಗೆ ಹದಿನೆಂಟಾಗಿಲ್ಲ. ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ನನ್ನ ಮೇಲೇ ಕೇಸು.” ಅವಳು ತನ್ನ ಕೆಲಸದ ಪುಸ್ತಕ ತೆರೆದಳು. “ಯಾರವನು? ಹೆಸರು ಹೇಳು.”

“ಬೇಡ, ಸಿಸ್ಟರ್. ಪೊಲೀಸರು ಬೇಡ. ಅದನ್ನ ಕೇಳ್ಕೊಳ್ಳೋಕೇ ಬಂದೆ.”

“ರೈಟರಾ?”

“ಅಯ್ಯೋ, ಅಲ್ಲ. ಇನ್ನೂ ಓದ್ತಿರೋ ಹುಡುಗ. ಅವನೂ ಮಗೂನೇ.”

“ಅವನ ಮೇಲೆ ನಿಂಗೆ ಕನಿಕರ ಬೇರೆ!”

“ಅವನ ಮನೆಯವ್ರು ಒಳ್ಳೇವ್ರು, ಸಿಸ್ಟರ್. ನಮ್ಮ ಲೈನಿಗೆ ತುಂಬ ಉಪಕಾರ ಮಾಡಿದ್ದಾರೆ. ಅವ್ರು ತಲೆ ತಗ್ಗಿಸೋದನ್ನ ನೋಡೋಕಾಗಲ್ಲ.”

ವೀಣಾಳ ಸಿಟ್ಟು ಮತ್ತೆ ನೆತ್ತಿಗೇರಿತು. ಯಾರೋ ದೊಡ್ಡ ಮನೆಯವರು. ಹೆದರಿಸಿರಬೇಕು, ಇಲ್ಲವೇ ಬಾಯಿ ಮುಚ್ಚಿಸಿರಬೇಕು. ಇಂಥ ಮನೆಗಳು ಅವಳಿಗೆ ಗೊತ್ತಿಲ್ಲದವೇನಲ್ಲ.

“ತಗ್ಗಿಸಲಿ! ನೀನೊಬ್ಬಳೇ ಯಾಕೆ ತಗ್ಗಿಸ್ಬೇಕು? ಅವನಿಗೂ ಒಬ್ಬ ತಾಯಿ ಇರ್ತಾಳಲ್ಲ? ಇಷ್ಟು ವರ್ಷ ಮಗನಿಗೆ ಒಂದು ಮಾತು ಹೇಳಿಕೊಡದೆ ಏನು ಮಾಡ್ತಿದ್ಲು ಅವಳು? ಮುಂದಿನ ಸಭೇಲಿ ಎಲ್ಲರೆದುರು ನಿಲ್ಲಿಸಿ ಕೇಳ್ತೀನಿ. ಹೇಳು, ಸುಬ್ಬಿ. ಯಾರ ಮಗ ಅವನು?”

ಸುಬ್ಬಿ ಮೊದಲ ಸಲ ತಲೆ ಎತ್ತಿದಳು. ಒಳಗಿನ ಕೋಣೆಯ ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿ, ದನಿ ತಗ್ಗಿಸಿದಳು.

“ನಿಮ್ಮವನೇ, ಸಿಸ್ಟರ್.”