ನಾಚುವ ನಕ್ಷತ್ರ

ಏಳನೆಯ ಅರ್ಜಿಯ ಎರಡನೆಯ ಸಾಲಿಗೆ ಬಂದಾಗ ಅಧ್ಯಕ್ಷೆಗೆ ತಂಗಿಯ ದನಿ ಕೇಳಿಸಿತು.

‘ಈ ನಕ್ಷತ್ರಕ್ಕೆ ನಾಚಿಕೆ ಹೆಚ್ಚು. ಯಾರೋ ನೋಡುತ್ತಿದ್ದಾರೆ ಅನ್ನಿಸಿದ ಕೂಡಲೇ ಮಂಕಾಗುತ್ತದೆ.’

ಅವಳು ತಿರುಗಿ ನೋಡಿದಳು. ಹಿಂದೆ ಗೋಡೆ, ಗೋಡೆಗೆ ಒರಗಿಸಿದ್ದ ಮುರಿದ ಕುರ್ಚಿ. ಮಧ್ಯಾಹ್ನದ ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು.

ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದಲ್ಲಿ ಆಕಾಶ ನೋಡಲು ಯಾರಿಗೆ ಸಮಯ ಕೊಡಬೇಕೆಂದು ತೀರ್ಮಾನಿಸುವ ಸಮಿತಿ ಅದು. ಬೇಕಾದವರಿಗೆ ಕೊಡುತ್ತಾರೆ ಎಂಬ ದೂರು ಬಂದ ಮೇಲೆ ಅರ್ಜಿಗಳಿಂದ ಹೆಸರನ್ನೇ ತೆಗೆದಿದ್ದರು. ಆಯ್ಕೆಯಾದ ಅರ್ಜಿ ಯಾರದೆಂದು ಕಾರ್ಯದರ್ಶಿ ಕೊನೆಗೆ ತೆರೆದು ಹೇಳುತ್ತಿದ್ದರು. ಬಿದ್ದುಹೋದವರು ಯಾರೆಂದು ಸಮಿತಿಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ತಂಗಿ ಹೀಗೇ ಬರೆಯುತ್ತಿದ್ದಳು. ಅವಳ ನಕ್ಷತ್ರಗಳು ಮುನಿಸಿಕೊಳ್ಳುತ್ತಿದ್ದವು, ನೆಗಡಿಯಾಗಿ ಮಲಗುತ್ತಿದ್ದವು. ಅವಳ ಮೊದಲ ಅರ್ಜಿಯನ್ನು ತಿದ್ದಿಕೊಡುವಾಗ ಅಕ್ಕ ಅದನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಳು. ಮಾತಿಗೆ ಮಾತು ಬೆಳೆಯಿತು. ತಂಗಿ ಒಂದು ಚೀಲ ಹಿಡಿದು ಹೊರಟೇಹೋದಳು. ಅವಳು ಹೋಗಿದ್ದಾಳೆಂದು ಕೇಳಿಬಂದ ಬಂದರಿನಲ್ಲಿ ಕೆಲವೇ ದಿನಗಳಲ್ಲಿ ಒಂದು ದೋಣಿ ಮಗುಚಿತು. ಸಿಕ್ಕವರ ಹೆಸರು ಪತ್ರಿಕೆಯಲ್ಲಿ ಬಂತು. ಸಿಗದವರ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಅಮ್ಮ ಸಾಯುವವರೆಗೂ ಮುಂಬಾಗಿಲ ಚಿಲಕ ಹಾಕಗೊಡಲಿಲ್ಲ. ಅಕ್ಕ ಈಗಲೂ ಹಾಕುವುದಿಲ್ಲ. ಒಮ್ಮೊಮ್ಮೆ ಪಕ್ಕದ ಕೋಣೆಯಲ್ಲಿ ತಂಗಿ ಕೆಮ್ಮಿದ ಹಾಗಾಗುತ್ತದೆ. ಎದ್ದುಹೋಗಿ ದೀಪ ಹಾಕುವಾಗ ಅವಳ ಎದೆ ಹೊಡೆದುಕೊಳ್ಳುವುದು ಆಸೆಗೆ. ದೀಪ ಹತ್ತಿದ ಮೇಲೆ ಅಲ್ಲಿ ಮಂಚ ಇರುತ್ತದೆ, ಅಷ್ಟೆ.

“ಮೇಡಂ, ಉಳಿದಿರೋದು ಒಂದೇ ಜಾಗ,” ಎಂದ ಎದುರಿನ ಸದಸ್ಯ. ಬಾಯಿ ತೆರೆದರೆ ಅಂಕಿ ಉದುರಿಸುವ ಅವನನ್ನು ಎಲ್ಲರೂ ಮಗ್ಗಿ ಮೇಷ್ಟ್ರು ಎನ್ನುತ್ತಿದ್ದರು. “ಏಳೋ, ಹನ್ನೊಂದೋ? ನನ್ನ ಓಟು ಹನ್ನೊಂದಕ್ಕೆ. ಏಳರಲ್ಲಿ ಲೆಕ್ಕ ತಪ್ಪಿದೆ.”

“ಅದೇನು ಮಹಾ ತಪ್ಪು?”

“ಸಣ್ಣದೋ ದೊಡ್ಡದೋ, ತಪ್ಪು ತಪ್ಪೇ ಅಲ್ವಾ ಮೇಡಂ? ಹನ್ನೊಂದು ನೋಡಿ, ಒಂದು ಕೂದಲಷ್ಟೂ ಆಚೀಚೆ ಇಲ್ಲ. ಇಂಥಾ ಅರ್ಜಿ ನಾನು ಓದೇ ಇಲ್ಲ.”

ಮೇಷ್ಟ್ರು ಹೇಳಿದ್ದು ನಿಜ. ಬೇರೆ ದಿನವಾಗಿದ್ದರೆ ಅಧ್ಯಕ್ಷೆಯೂ ಕಣ್ಣುಮುಚ್ಚಿ ಹನ್ನೊಂದಕ್ಕೇ ಸಹಿ ಹಾಕುತ್ತಿದ್ದಳು. ಆದರೆ ಏಳು ಬಿದ್ದರೆ ಅದರ ಹೆಸರು ಮುಚ್ಚಿಯೇ ಹೋಗುತ್ತದೆ. ತಂಗಿ ಇದ್ದಾಳೋ ಇಲ್ಲವೋ ಎಂದು ತಿಳಿಯಲು ಇದ್ದ ದಾರಿ ಅದೊಂದೇ.

ಕಟ್ಟುನಿಟ್ಟಿಗೆ ಹೆಸರಾಗಿದ್ದವಳು ಅಂದು ವಕೀಲಿಗೆ ಇಳಿದಳು. ಲೆಕ್ಕದ ತಪ್ಪನ್ನು ಕೈತಪ್ಪು ಎಂದಳು. ಹೊಸ ಕಣ್ಣು ಬೇಕು ಎಂದಳು. ಮೇಷ್ಟ್ರು ಬಗ್ಗದಿದ್ದಾಗ ದನಿಯೇರಿಸಿದಳು. ಅವನು ಪೆಚ್ಚಾಗಿ ಕೈಚೆಲ್ಲಿದ.

“ಹನ್ನೊಂದನ್ನ ಬಿಟ್ಟಿದ್ದಕ್ಕೆ ಒಂದು ಷರಾ ಬರೀಬೇಕಲ್ಲ ಮೇಡಂ,” ಎಂದರು ಕಾರ್ಯದರ್ಶಿ. “ಅವರಿಗೆ ಕಳಿಸ್ಬೇಕು.”

ಅಧ್ಯಕ್ಷೆ ಕೊಂಕು ಹುಡುಕಿದಳು. ಸಿಗಲಿಲ್ಲ. ಕೊನೆಗೆ ತನ್ನ ಎಂದಿನ ಚೂಪಿನಲ್ಲಿ ಬರೆದಳು: ‘ಎಲ್ಲವೂ ಸರಿಯಾಗಿದೆ, ಉಸಿರೊಂದು ಬಿಟ್ಟು. ಬರೆದವರು ಇದರಲ್ಲಿ ಎಲ್ಲೂ ಇಲ್ಲ. ಸಮಿತಿ ಸಮಯ ಕೊಡುವುದು ಮನುಷ್ಯರಿಗೆ.’ ಬರೆದು ಮುಗಿಸಿದಾಗ ಸ್ವಲ್ಪ ನಾಚಿಕೆಯಾಯಿತು. ಆದರೆ ಹೊಡೆದುಹಾಕಲಿಲ್ಲ.

ಕಾರ್ಯದರ್ಶಿ ಏಳನೆಯ ಅರ್ಜಿಯ ಹೆಸರು ತೆರೆದು ಓದಿದರು. ಯಾರೋ ಗೊತ್ತಿಲ್ಲದವಳು. ಇನ್ನೂ ಪಿಎಚ್‌ಡಿ ಮುಗಿಸದ ಸಂಶೋಧಕಿ.

ಅಧ್ಯಕ್ಷೆ “ಸರಿ” ಎಂದಳು. ಮನೆಗೆ ಹೋಗಿ ಅಮ್ಮನ ಮಂಚದ ಮೇಲೆ ಕೂತು ಮನಸಾರೆ ಅತ್ತಳು.

ಆದರೂ ಆ ಸಾಲು ಅವಳನ್ನು ಬಿಡಲಿಲ್ಲ. ವಾರ ಕಳೆದ ಮೇಲೆ, ಅಭಿನಂದನೆ ಹೇಳುವ ನೆಪ ಮಾಡಿಕೊಂಡು ಆ ಸಂಶೋಧಕಿಗೆ ಫೋನು ಮಾಡಿದಳು.

“ನಕ್ಷತ್ರಕ್ಕೆ ನಾಚಿಕೆ ಅಂತ ಬರ್ದಿದ್ದೀರಲ್ಲ, ಎಲ್ಲಿಂದ ಕದ್ರಿ?”

ಅತ್ತಲಿಂದ ನಗು ಬಂತು. “ಕದ್ದಿದ್ದೇ ಮೇಡಂ. ನಮ್ಮ ಗೈಡ್ ಮಾತಾಡೋದೇ ಹಾಗೆ. ಅವರ ಬಾಯಲ್ಲಿ ನಕ್ಷತ್ರಕ್ಕೆ ನೆಗಡೀನೂ ಆಗುತ್ತೆ.”

ಅಧ್ಯಕ್ಷೆ ಕೂತಲ್ಲಿಂದ ಎದ್ದಳು. “ಅವರು... ಇದ್ದಾರಾ?”

“ಮೊನ್ನೆವರೆಗೂ ಇದ್ರು ಮೇಡಂ. ಈಗ ಎಲ್ಲಿದ್ದಾರೋ. ರಾಜೀನಾಮೆ ಕೊಟ್ಟು, ಯಾರಿಗೂ ಹೇಳದೆ ಹೊರಟುಹೋದ್ರು. ಫೋನೂ ತೆಗೀತಿಲ್ಲ.” ಅವಳ ದನಿ ತಗ್ಗಿತು. “ಈ ಸಲ ಅವರೂ ಅರ್ಜಿ ಹಾಕಿದ್ರು. ನಿಮ್ಮ ಸಮಿತೀಲಿ ಅವರಕ್ಕ ಯಾರೋ ಇದ್ದಾರಂತಲ್ಲ? ಬಹಳ ವರ್ಷದಿಂದ ಮಾತಿಲ್ವಂತೆ, ಇವರು ಹೆಸರೂ ಬದಲಾಯಿಸ್ಕೊಂಡಿದ್ರಂತೆ. ಸಮಯ ಸಿಕ್ರೆ ಬೆಟ್ಟಕ್ಕೆ ಬರೋ ನೆಪದಲ್ಲಿ ಅಕ್ಕನ ಮನೆಗೆ ಹೋಗ್ತೀನಿ ಅಂತಿದ್ರು. ಆಗ್ಲಿಲ್ಲ. ಹೆಸರಿಲ್ದಿದ್ರೂ ಅಕ್ಕ ಗುರುತು ಹಿಡಿದಿರ್ತಾರೆ, ಕೋಪ ಇನ್ನೂ ಇಳಿದಿಲ್ಲ ಅಂದ್ಕೊಂಡು ತುಂಬಾ ನೊಂದ್ಕೊಂಡ್ರು.”

“ಇಲ್ಲ, ಇಲ್ಲ. ಅವರ ಅರ್ಜಿ ನಮ್ಮ ಮುಂದೆ ಬಂದೇ ಇಲ್ಲ,” ಎಂದಳು ಅಧ್ಯಕ್ಷೆ. “ಎಲ್ಲೋ ತಪ್ಪಿಹೋಗಿದೆ. ಬಂದಿದ್ರೆ ಮೊದಲ ಸಾಲಿಗೇ ಗುರುತು ಸಿಗ್ತಿತ್ತು.”

“ಹೇಗೆ ಸಿಗುತ್ತೆ ಮೇಡಂ? ಮಾತಷ್ಟೇ ಹಾಗೆ. ಬರೆಯೋವಾಗ ಬರೆದೋರು ಎಲ್ಲೂ ಕಾಣಿಸ್ಕೋಬಾರದು ಅಂತ ಅವರಿಗೆ ಕಲಿಸಿದ್ದೇ ಅವರಕ್ಕ ಅಂತೆ.”