ಹೊಳೆಯಾಚೆಯವರಿಗೆ ಕಾಣುವ ಬಾಗಿಲು

ಸಂಸ್ಥೆಗಳ ಪಟ್ಟಿ ಹೊಳೆಯ ಎರಡೂ ದಡದ ಊರುಗಳಿಗೆ ಸೇರಿದ್ದು. ಹಾಗಾಗಿ ಬೇಡವಾದ ಸಂಸ್ಥೆಯನ್ನು ಯಾರೂ ಅಳಿಸುವಂತಿರಲಿಲ್ಲ, ತಮ್ಮೂರಿನವರ ಕಣ್ಣಿಗೆ ಮರೆಮಾಡಬಹುದಿತ್ತು ಅಷ್ಟೇ. ಪಟ್ಟಿಯಲ್ಲಿ ಮರೆಮಾಡಿದರೆ ಕಟ್ಟಡವಿದ್ದ ಜಾಗದಲ್ಲಿ ಅವರಿಗೆ ಖಾಲಿ ಸೈಟು ಕಾಣುತ್ತಿತ್ತು, ಆಚೆ ದಡದವರಿಗೆ ಎಂದಿನ ಕಟ್ಟಡವೇ.

ಇಂದು ನಗರಸಭೆಯ ಎದುರು, ಸೈಕಲ್ ಅಂಗಡಿಯ ಪಕ್ಕ, ಅಂಥ ಸೈಟೊಂದು ಬಿದ್ದಿತ್ತು. ನಿನ್ನೆಯವರೆಗೆ ಅಲ್ಲಿ ಪೌರಕಾರ್ಮಿಕರ ಸಂಘವಿತ್ತು. ಕೈಗವಸು ಕೊಡಿ ಎಂದು ಹೇಮಾಕ್ಷಿಯ ಚಿಕ್ಕಮ್ಮ ಅದರೊಳಗೆ ಉಪವಾಸ ಕೂತಿದ್ದರು. ಪೊರಕೆ ಹಿಡಿದ ಸಂಘದ ಹೆಂಗಸರು ಬಾಗಿಲಿಗಾಗಿ ಗಾಳಿಯಲ್ಲಿ ತಡಕಾಡುತ್ತಿದ್ದರು. ಹೊಳೆಯಾಚೆಯ ಹಾಲಿನವನೊಬ್ಬ ಆ ಖಾಲಿ ಸೈಟಿನಿಂದ ಹೊರಬಂದು ಹೇಮಾಕ್ಷಿಯನ್ನು ಕಂಡು ನಿಂತ.

“ನಿಮ್ಮ ಚಿಕ್ಕಮ್ಮ ಕೇಳ್ತಿದ್ರು ಕಣಮ್ಮ, ನಮ್ಮೋರು ಯಾಕೆ ಒಬ್ಬರೂ ಬರ್ಲಿಲ್ಲ ಅಂತ.”

ಹೇಮಾಕ್ಷಿ ನಗರಸಭೆಯಲ್ಲಿ ಆ ಪಟ್ಟಿಯನ್ನೇ ನೋಡಿಕೊಳ್ಳುವ ಹುಡುಗಿ. ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ. ಆದರೂ ಇಂದು ಕಚೇರಿಗೆ ಬಂದವಳೇ ನೇರ ಮ್ಯಾನೇಜರ ಮೇಜಿನೆದುರು ಹೋಗಿ ನಿಂತಳು.

“ಅಳಿಸಿಲ್ವಲ್ಲಮ್ಮ,” ಎಂದರು ಮ್ಯಾನೇಜರ್ ರುದ್ರೇಶಪ್ಪ, ಚಹಾ ಆರಿಸುತ್ತ. “ನಿನ್ನೆ ನೀನು ಹೋದ್ಮೇಲೆ ಸುಮ್ನೆ ಮರೆ ಮಾಡಿಸ್ದೆ. ಆಯಮ್ಮ ಉಪವಾಸ ಮಾಡ್ಕೊಳ್ಲಿ, ನಮಗೆ ಕಾಣ್ದಿದ್ರೆ ಸಾಕು.”

ಹೇಮಾಕ್ಷಿ ತನ್ನ ಮೇಜಿಗೆ ಹೋದಳು. ಕೂತು, ದಾಖಲೆಯಲ್ಲಿ ಸಂಘದ ಅಷ್ಟೂ ಹೆಂಗಸರ ಊರನ್ನು ಹೊಳೆಯಾಚೆಗೆ ಬದಲಾಯಿಸಿದಳು, ಕೊನೆಗೆ ತನ್ನದನ್ನೂ. ಕಿಟಕಿಯಾಚೆ ಸಂಘದ ನೀಲಿ ಬಾಗಿಲು ಮೂಡಿತು. ಹೆಂಗಸರು ಪೊರಕೆಗಳನ್ನು ರಸ್ತೆಯಲ್ಲೇ ಬಿಟ್ಟು ಒಳಗೆ ನುಗ್ಗಿದರು.

ಹೆಂಗಸರು ಖಾಲಿ ಸೈಟಿನಲ್ಲಿ ಮಾಯವಾದದ್ದು ಕಂಡು ರುದ್ರೇಶಪ್ಪ ಲೋಟ ಕೆಳಗಿಟ್ಟರು. “ಅವರೆಲ್ಲ ಆಚೆ ಊರಿನವರಾದ್ರೆ ನಾಳೆ ನಮ್ಮೂರಿನ ಕಸ ಯಾರಮ್ಮ ತೆಗೀತಾರೆ?”

ಹೇಮಾಕ್ಷಿ ಚೀಲ ಹೆಗಲಿಗೇರಿಸಿ ಎದ್ದಳು. “ಅದನ್ನೂ ಮರೆ ಮಾಡ್ಸಿ, ಸಾರ್.”