ನೂರಾ ಹನ್ನೆರಡನೆಯ ತುಟಿ

"ಈ ಹೊಲಿಗೆಯಲ್ಲಿ ಕೊಂಕು ತೆಗೆಯೋಕಾಗಲ್ಲ ಡಾಕ್ಟ್ರೇ," ಎಂದಳು ದರ್ಜಿ ಹೆಂಗಸು, ತನ್ನ ಮೇಲ್ತುಟಿಯನ್ನು ಸವರಿಕೊಳ್ಳುತ್ತ. "ಮೂವತ್ತೆಂಟು ವರ್ಷ ಆಯ್ತು. ನಾನೇ ಹೊಲಿದಿದ್ರೆ ಯಾವತ್ತೋ ಬಿಚ್ಚಿಕೊಳ್ತಿತ್ತು."

ಹೊಗಳಿಕೆಗೆ ಸೋಲದ ಸರ್ಜನ್ ಇನ್ನೂ ಹುಟ್ಟಬೇಕು. ಅಂದು ಆ ತುಟಿ ಹೊಲಿದಿದ್ದ ಮುದುಕರು ಕಪಾಟಿನಿಂದ ದಪ್ಪ ಆಲ್ಬಮ್ ಇಳಿಸಿ ಪಾಠಕ್ಕೇ ಕೂತರು. ಮೊದಲೆಲ್ಲ ಸೀಳುತುಟಿಯ ಎರಡೂ ಅಂಚನ್ನು ಎಳೆದು ನೆಟ್ಟಗೆ ಹೊಲಿದುಬಿಡುತ್ತಿದ್ದರಂತೆ. ಗಾಯ ಮಾಗಿದಂತೆ ಕಲೆ ಕುಗ್ಗಿ ತುಟಿ ಮೇಲಕ್ಕೆ ಸೇದಿಕೊಳ್ಳುತ್ತಿತ್ತಂತೆ. ಆಮೇಲೆ ಬಂದವರು ತ್ರಿಕೋನವಾಗಿ ಕತ್ತರಿಸಿ ತುಟಿಯ ಉದ್ದ ಹೆಚ್ಚಿಸಿದರು, ಆದರೆ ಕಲೆ ಅಡ್ಡಾದಿಡ್ಡಿ. ಕೊನೆಗೆ, ಒಂದು ಬದಿಯ ತುಟಿಯನ್ನು ಕೆಳಕ್ಕೆ ತಿರುಗಿಸಿ, ಇನ್ನೊಂದು ಬದಿಯದನ್ನು ತೆರವಾದ ಜಾಗಕ್ಕೆ ಜರುಗಿಸುವ ವಿಧಾನ ಬಂತು. ಕಲೆ ಮೂಗಿನ ಕೆಳಗಿನ ಗೆರೆಯಲ್ಲೇ ಅಡಗಿತು.

"ರವಿಕೆಗೆ ತೋಳು ಕೂರಿಸೋ ಹಾಗೆ ಅನ್ನಿ," ಎಂದಳು ಅವಳು. ಆಮೇಲೆ ಮೆಲ್ಲಗೆ, "ಆಪರೇಷನ್‌ಗೆ ಮೊದಲು ತೆಗೆದ ನನ್ನ ಫೋಟೋ ಇದ್ಯಾ?"

"ಅದ್ಯಾಕಮ್ಮ? ನೋಡಿ ಮನಸ್ಸು ಕೆಡಿಸ್ಕೋಬೇಡ."

"ನನ್ನ ನೋಡೋಕಲ್ಲ. ನಂಗೆ ವರ್ಷ ತುಂಬೋ ಮೊದ್ಲೇ ಅಮ್ಮ ಹೋದ್ರು. ಮನೇಲಿ ಅವರದೊಂದು ಫೋಟೋನೂ ಇಲ್ಲ. ಆಸ್ಪತ್ರೇಲಿ ಫೋಟೋ ತೆಗೆದಾಗ ನನ್ನ ಹಿಡ್ಕೊಂಡಿದ್ದು ಅವರೇ ಅಂತ ಚಿಕ್ಕಮ್ಮ ಮೊನ್ನೆ ಬಾಯಿಬಿಟ್ರು."

ಮುದುಕರು ಹಾಳೆ ಮಗುಚಿದರು. ನೂರಾ ಹನ್ನೆರಡನೆಯ ಚಿತ್ರ. ಮೂರು ತಿಂಗಳ ಕೂಸು, ಕಣ್ಣು ಮುಚ್ಚಿ ಚೀರುತ್ತಿದೆ, ತುಟಿ ಸೀಳಿದೆ. ಎರಡೂ ಕೆನ್ನೆಯ ಪಕ್ಕ ನಾಲ್ಕು ನಾಲ್ಕು ಬೆರಳು. ಅಷ್ಟೇ.

"ಮಿಕ್ಕಿದ್ದು ಕತ್ತರಿಸಿಬಿಟ್ರಾ?"

"ಇಲ್ಲಮ್ಮ, ತೆಗೆದಿದ್ದೇ ಇಷ್ಟು. ತಲೆ ಅಲ್ಲಾಡದ ಹಾಗೆ ತಾಯಿ ಹಿಡ್ಕೋಬೇಕು, ಫೋಟೋದಲ್ಲಿ ಮಾತ್ರ ಬರಬಾರದು. 'ನಿನ್ನ ಮುಖ ಬೇಡಮ್ಮ, ಪಕ್ಕಕ್ಕೆ ಸರಿ' ಅಂತ ಎಲ್ಲರಿಗೂ ಹೇಳ್ತಿದ್ದೆ. ನಿಮ್ಮಮ್ಮನಿಗೂ ಹೇಳಿರ್ತೀನಿ."

"ಹೋಗ್ಲಿ ಬಿಡಿ. ನೀವು ಕಣ್ಣಾರೆ ನೋಡಿದ್ರಲ್ಲ. ಹೇಗಿದ್ರು?"

ಮುದುಕರು ಕಣ್ಣು ಮುಚ್ಚಿದರು. ಎಡಗಡೆಯ ಸೀಳು, ಒಂಬತ್ತು ಮಿಲಿಮೀಟರ್ ಅಗಲ. ಕತ್ತರಿಸುವ ಮೊದಲು ನೀಲಿ ಮಸಿಯ ಚುಕ್ಕಿ ಎಲ್ಲೆಲ್ಲಿ ಇಟ್ಟಿದ್ದರೆಂಬುದೂ ನೆನಪಿಗೆ ಬಂತು. ತಿಂಗಳುಗಟ್ಟಲೆ ಕೂಸನ್ನೆತ್ತಿಕೊಂಡು ಎದುರು ಕೂತಿದ್ದ ಹೆಂಗಸಿನ ಮುಖ ಮಾತ್ರ ಏನು ಮಾಡಿದರೂ ಬರಲೊಲ್ಲದು. ನಿನ್ನ ಹಾಗೇ ಇದ್ದರು ಎಂಬ ಸುಳ್ಳು ನಾಲಿಗೆ ತುದಿಯವರೆಗೂ ಬಂದಿತ್ತು. ಹೇಳಲು ನಾಚಿಕೆಯಾಯಿತು.

"ನೆನಪಿಲ್ಲಮ್ಮ. ನಾನು ನೋಡಲೇ ಇಲ್ಲ ಅನ್ಸುತ್ತೆ. ತಪ್ಪಾಯ್ತು," ಎಂದರು.

ಅವಳು ಆಲ್ಬಮ್ಮನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೂಸಿನ ಮುಖದ ಮೇಲೆ ಅಂಗೈಯಿಟ್ಟು ಮುಚ್ಚಿ, ಎರಡೂ ಬದಿ ಉಳಿದ ಆ ಬೆರಳುಗಳನ್ನಷ್ಟೇ ನೋಡುತ್ತ ಕುಳಿತಳು.